ಅಳಿಸಲಾಗದ ಲೆಕ್ಕ, ಅಳೆಯಬೇಕಾದ ಬೆಳೆ

ಆಹಾರ ಪದಾರ್ಥಗಳ ವ್ಯಾಪಾರದಲ್ಲಿ ಲೆಕ್ಕಪತ್ರಗಳಿಗೆ ಎಂದೂ ಬರವಿದ್ದಿಲ್ಲ. ಬೆಳೆಗಾರನ ಕೈಯಲ್ಲಿ ತೂಕದ ಚೀಟಿ, ಮಂಡಿಯವನ ಬಳಿ ಪಟ್ಟಿ, ಲಾರಿ ಚಾಲಕನ ಬಳಿ ಸಾಗಣೆಯ ಬಿಲ್ಲು, ಗೋದಾಮಿನಲ್ಲಿ ದಾಸ್ತಾನು ಪುಸ್ತಕ, ಸಂಸ್ಕರಣಾ ಘಟಕದ ಕಂಪ್ಯೂಟರಿನಲ್ಲಿ ಮತ್ತೊಂದು ಕೋಷ್ಟಕ, ರಫ್ತುದಾರನ ಕಡತದಲ್ಲಿ ಪ್ರಮಾಣಪತ್ರಗಳು, ಹೀಗೆ ಒಂದೇ ಸರಕಿನ ಬಗ್ಗೆ ಹತ್ತಾರು ದಾಖಲೆಗಳು ಹುಟ್ಟುತ್ತವೆ. ಆದರೆ ಪ್ರತಿಯೊಂದು ದಾಖಲೆಯೂ ಅದನ್ನು ಬರೆದವನ ಪೆಟ್ಟಿಗೆಯಲ್ಲೇ ಉಳಿಯುವುದರಿಂದ ಸರಕಿನ ಪೂರ್ತಿ ಚರಿತ್ರೆ ಯಾರೊಬ್ಬರ ಬಳಿಯೂ ಇರುವುದಿಲ್ಲ. ಅಂಗಡಿಯ ಕಪಾಟಿನಲ್ಲಿರುವ ಪೊಟ್ಟಣ ಯಾವ ಹೊಲದಿಂದ ಬಂತು ಎಂದು ತಿಳಿಯಬೇಕಾದಾಗ ಈ ಪೆಟ್ಟಿಗೆಗಳನ್ನು ಒಂದೊಂದಾಗಿ ತೆರೆಸುತ್ತ ಹಿಂದಕ್ಕೆ ನಡೆಯಬೇಕಾಗುತ್ತದೆ. ಹೀಗೆ ಸರಕಿನ ಜಾಡು ಹಿಡಿದು ಮೂಲಕ್ಕೆ ತಲುಪುವ ಕೆಲಸವನ್ನು ವ್ಯಾಪಾರದ ಮಾತಿನಲ್ಲಿ ಟ್ರೇಸಬಿಲಿಟಿ ಎನ್ನುತ್ತಾರೆ. ಕೃಷಿ ಉತ್ಪನ್ನಗಳ ಪೂರೈಕೆ ಸರಪಳಿಗೆ ಬ್ಲಾಕ್‌ಚೈನ್ ತಂತ್ರಜ್ಞಾನವನ್ನು ತರಬೇಕೆಂಬ ಮಾತು ಕಳೆದ ಹತ್ತು ವರ್ಷಗಳಲ್ಲಿ ಎದ್ದಿರುವುದು ಮುಖ್ಯವಾಗಿ ಈ ಜಾಡಿನ ಸಲುವಾಗಿಯೇ.

ಜಾಡು ಸಿಗದಿದ್ದರೆ ಆಗುವ ಹಾನಿ ಎಷ್ಟೆಂಬುದು ಅಮೆರಿಕದಲ್ಲಿ 2018ರ ವಸಂತದಲ್ಲಿ ಬಯಲಾಯಿತು. ರೊಮೇನ್ ಎಂಬ ಜಾತಿಯ ಲೆಟ್ಯೂಸ್ ಸೊಪ್ಪನ್ನು ಹಸಿಯಾಗಿ ತಿಂದವರಿಗೆ ಇ. ಕೋಲಿ ಬ್ಯಾಕ್ಟೀರಿಯಾದ ಅಪಾಯಕಾರಿ ತಳಿಯೊಂದರ ಸೋಂಕು ತಗುಲಿ, 36 ರಾಜ್ಯಗಳಲ್ಲಿ 210 ಮಂದಿ ಕಾಯಿಲೆ ಬಿದ್ದರು, ಐವರು ಸತ್ತರು. ಸೊಪ್ಪು ಅರಿಜೋನಾದ ಯೂಮಾ ಪ್ರದೇಶದಿಂದ ಬಂದದ್ದೆಂದು ಗೊತ್ತಾದರೂ ಯಾವ ಹೊಲದ್ದು, ಯಾವ ದಿನ ಕೊಯ್ದದ್ದು ಎಂಬುದನ್ನು ಬಿಡಿಸುವುದು ತುಂಬ ಕಷ್ಟವಾಯಿತು, ಏಕೆಂದರೆ ಹಲವು ಹೊಲಗಳ ಸೊಪ್ಪು ಕತ್ತರಿಸುವ ಘಟಕಗಳಲ್ಲಿ ಒಟ್ಟುಗೂಡಿ ಒಂದೇ ಚೀಲಕ್ಕೆ ಸೇರುತ್ತಿತ್ತು. 2002ರಲ್ಲಿ ಬಂದ ಕಾನೂನಿನ ಪ್ರಕಾರ ಅಲ್ಲಿನ ಆಹಾರ ವ್ಯಾಪಾರಿಗಳು ತಾವು ಯಾರಿಂದ ಕೊಂಡೆವು, ಯಾರಿಗೆ ಮಾರಿದೆವು ಎಂಬ ಒಂದು ಹೆಜ್ಜೆ ಹಿಂದಿನ ಮತ್ತು ಒಂದು ಹೆಜ್ಜೆ ಮುಂದಿನ ಲೆಕ್ಕವನ್ನು ಇಡಲೇಬೇಕಿತ್ತು. ಆದರೆ ಆ ಹೆಜ್ಜೆಗಳನ್ನು ಜೋಡಿಸುವ ಹೊಣೆ ಯಾರದೂ ಆಗಿರಲಿಲ್ಲ. ಅದೇ ವರ್ಷದ ನವೆಂಬರಿನಲ್ಲಿ ಸೋಂಕು ಮತ್ತೆ ತಲೆಯೆತ್ತಿದಾಗ, ರೊಮೇನ್ ಸೊಪ್ಪನ್ನು ಎಲ್ಲಿಯದಾದರೂ ಸರಿಯೇ, ಯಾರೂ ತಿನ್ನಬಾರದು, ಮಾರಬಾರದು ಎಂದು ದೇಶಕ್ಕೆಲ್ಲ ಸಾರಬೇಕಾಯಿತು. ಯಾವುದೋ ಒಂದೆಡೆಯ ನೀರು ಕೆಟ್ಟದ್ದಕ್ಕೆ ಅದರ ಸೋಂಕೇ ಇಲ್ಲದ ಬೆಳೆಗಾರರ ಫಸಲೂ ತಿಪ್ಪೆ ಸೇರಿತು.

ಚಿಲ್ಲರೆ ಮಾರಾಟದ ದೈತ್ಯ ಸಂಸ್ಥೆಯಾದ ವಾಲ್‌ಮಾರ್ಟ್ ಈ ತೊಡಕನ್ನು ಸೊಪ್ಪಿನ ಪ್ರಕರಣಕ್ಕೆ ಮೊದಲೇ ಮಾವಿನ ಹಣ್ಣಿನ ಮೇಲೆ ಪರೀಕ್ಷಿಸಿ ನೋಡಿತ್ತು. ಆಗ ಸಂಸ್ಥೆಯ ಆಹಾರ ಸುರಕ್ಷತಾ ವಿಭಾಗದ ಮುಖ್ಯಸ್ಥರಾಗಿದ್ದು, ಮುಂದೆ ಅಮೆರಿಕದ ಆಹಾರ ಮತ್ತು ಔಷಧ ಆಡಳಿತದ ಹಿರಿಯ ಅಧಿಕಾರಿಯಾದ ಫ್ರಾಂಕ್ ಯಿಯಾನಸ್ ಅವರು ಹೋಳು ಮಾಡಿದ ಮಾವಿನ ಪೊಟ್ಟಣವೊಂದರ ಮೂಲ ತೋಟವನ್ನು ಪತ್ತೆ ಹಚ್ಚುವಂತೆ ಸಿಬ್ಬಂದಿಗೆ ಹೇಳಿದಾಗ, ಉತ್ತರ ಬರಲು 6 ದಿನ, 18 ಗಂಟೆ, 26 ನಿಮಿಷ ಹಿಡಿಯಿತು. ಬಳಿಕ ಐಬಿಎಂ ಸಂಸ್ಥೆಯ ನೆರವಿನಿಂದ ಮೆಕ್ಸಿಕೋದ ಮಾವಿನ ಸರಪಳಿಯನ್ನು ಬ್ಲಾಕ್‌ಚೈನ್ ವ್ಯವಸ್ಥೆಗೆ ತಂದು ಅದೇ ಪ್ರಶ್ನೆಯನ್ನು ಕೇಳಿದಾಗ 2.2 ಸೆಕೆಂಡಿನಲ್ಲಿ ಉತ್ತರ ದೊರೆಯಿತು. ಈ ಎರಡು ಅಂಕಿಗಳು ಆಮೇಲೆ ಜಗತ್ತಿನ ಎಲ್ಲ ವಿಚಾರ ಸಂಕಿರಣಗಳನ್ನೂ ಸುತ್ತಿ ಬಂದವು. 2018ರ ಸೆಪ್ಟೆಂಬರಿನಲ್ಲಿ ವಾಲ್‌ಮಾರ್ಟ್ ತನಗೆ ಹಸಿರು ಸೊಪ್ಪು ಪೂರೈಸುವವರಿಗೆ ಪತ್ರ ಬರೆದು, ಒಂದು ವರ್ಷದೊಳಗೆ ಈ ವ್ಯವಸ್ಥೆಗೆ ಸೇರಬೇಕೆಂದು ತಿಳಿಸಿತು. ಮರುತಿಂಗಳು ಐಬಿಎಂ ತನ್ನ ಫುಡ್ ಟ್ರಸ್ಟ್ ಎಂಬ ಜಾಲವನ್ನು ಎಲ್ಲರಿಗೂ ತೆರೆಯಿತು, ಫ್ರಾನ್ಸಿನ ಚಿಲ್ಲರೆ ಮಾರಾಟ ಸಂಸ್ಥೆ ಕಾರ್ಫೂರ್ ಅದರಲ್ಲಿ ಸೇರಿಕೊಂಡಿತು.

ಬ್ಲಾಕ್‌ಚೈನ್ ಎಂದರೇನು ಎಂಬುದನ್ನು ತಿಳಿಯಲು ವ್ಯಾಪಾರಿಗಳ ಕಿರ್ದಿ ಪುಸ್ತಕದ ಹೋಲಿಕೆ ಸಾಕಾಗುತ್ತದೆ. ಕಿರ್ದಿಯಲ್ಲಿ ದಿನದಿನದ ವ್ಯವಹಾರವನ್ನು ನಡೆದ ಕ್ರಮದಲ್ಲೇ ಬರೆಯುತ್ತಾರೆ. ಒಂದು ಪುಟದ ಕೊನೆಯ ಮೊತ್ತ ಮುಂದಿನ ಪುಟದ ತಲೆಗೆ ಬರುವುದರಿಂದ ಹಳೆಯ ಪುಟದಲ್ಲಿ ಒಂದು ಅಂಕಿಯನ್ನು ತಿದ್ದಿದವನು ಆಮೇಲಿನ ಎಲ್ಲ ಪುಟಗಳನ್ನೂ ತಿದ್ದಬೇಕಾಗುತ್ತದೆ. ಬ್ಲಾಕ್‌ಚೈನ್‌ನಲ್ಲಿ ಪುಟದ ಸ್ಥಾನದಲ್ಲಿ ಬ್ಲಾಕ್ ಇದೆ, ಮೊತ್ತದ ಸ್ಥಾನದಲ್ಲಿ ಹ್ಯಾಶ್ ಇದೆ. ಹ್ಯಾಶ್ ಎಂಬುದು ಯಾವುದೇ ಗಾತ್ರದ ದಾಖಲೆಯನ್ನು ನಿಗದಿತ ಉದ್ದದ ಒಂದು ಸಂಖ್ಯೆಯಾಗಿ ಇಳಿಸುವ ಗಣಿತ ಕ್ರಿಯೆಯ ಫಲ. ಬಹಳ ಬಳಕೆಯಲ್ಲಿರುವ ಎಸ್‌ಎಚ್‌ಎ-256 ಎಂಬ ವಿಧಾನದಲ್ಲಿ ಆ ಸಂಖ್ಯೆ 256 ಬಿಟ್‌ಗಳದ್ದಾಗಿರುತ್ತದೆ. ಮೂಲ ದಾಖಲೆಯಲ್ಲಿ 47 ಕಿಲೋ ಎಂಬುದನ್ನು 45 ಕಿಲೋ ಎಂದು ತಿದ್ದಿದರೆ ಹ್ಯಾಶ್ ಪೂರ್ತಿ ಬೇರೆಯಾಗಿಬಿಡುತ್ತದೆ, ಮತ್ತು ಪ್ರತಿ ಬ್ಲಾಕ್ ತನ್ನ ಹಿಂದಿನ ಬ್ಲಾಕಿನ ಹ್ಯಾಶನ್ನು ಹೊತ್ತಿರುವುದರಿಂದ ಅಲ್ಲಿಂದ ಮುಂದಿನ ಕೊಂಡಿಗಳೆಲ್ಲ ಕಳಚಿ ತಿದ್ದುಪಡಿ ಕಣ್ಣಿಗೆ ಬೀಳುತ್ತದೆ. ಇದಕ್ಕೆ ಜೊತೆಯಾಗಿ ಈ ಪುಸ್ತಕದ ಪ್ರತಿ ಒಬ್ಬನ ಬಳಿ ಮಾತ್ರ ಇರದೆ ವ್ಯವಹಾರದಲ್ಲಿ ಪಾಲ್ಗೊಂಡ ಹಲವರ ಕಂಪ್ಯೂಟರುಗಳಲ್ಲಿ ಇರುತ್ತದೆ; ಹೊಸ ಪುಟ ಸೇರಬೇಕಾದರೆ ಅವರ ನಡುವೆ ಮೊದಲೇ ಒಪ್ಪಿಕೊಂಡ ವಿಧಾನದಂತೆ ಒಮ್ಮತ ಮೂಡಬೇಕು.

ಈ ವಿಚಾರ ಬಿಟ್‌ಕಾಯಿನ್‌ಗಿಂತ ಹಳೆಯದು. ಸ್ಟುವರ್ಟ್ ಹೇಬರ್ ಮತ್ತು ಸ್ಕಾಟ್ ಸ್ಟೋರ್ನೆಟ್ಟಾ ಎಂಬ ಇಬ್ಬರು ಸಂಶೋಧಕರು ದಾಖಲೆಗಳಿಗೆ ಸಮಯದ ಮುದ್ರೆ ಒತ್ತುವ ಇಂಥದೇ ಕೊಂಡಿಗಳ ಸರಣಿಯನ್ನು 1991ರಲ್ಲೇ ಮಂಡಿಸಿದ್ದರು, ಮತ್ತು ಅವರು ಕಟ್ಟಿದ ವ್ಯವಸ್ಥೆ 1995ರಿಂದ ತನ್ನ ಹ್ಯಾಶ್‌ಗಳನ್ನು ನ್ಯೂಯಾರ್ಕ್ ಟೈಮ್ಸ್ ಪತ್ರಿಕೆಯ ವರ್ಗೀಕೃತ ಜಾಹೀರಾತುಗಳ ನಡುವೆ ಅಚ್ಚು ಹಾಕಿಸುತ್ತಿತ್ತು. ಸಾವಿರಾರು ಮನೆಗಳಿಗೆ ತಲುಪಿದ ಪತ್ರಿಕೆಯನ್ನು ತಿದ್ದಲು ಯಾರಿಗೂ ಸಾಧ್ಯವಿಲ್ಲ ಎಂಬುದೇ ಅದರ ಭದ್ರತೆ. 2008ರಲ್ಲಿ ಸತೋಶಿ ನಕಾಮೊಟೊ ಎಂಬ ಹೆಸರಿನಲ್ಲಿ ಪ್ರಕಟವಾದ ಲೇಖನ ಈ ಸರಣಿಯನ್ನು ಯಾರ ಅಂಕೆಗೂ ಒಳಪಡದ ಹಣಕ್ಕೆ, ಅಂದರೆ ಬಿಟ್‌ಕಾಯಿನ್‌ಗೆ, ಅಳವಡಿಸಿತು. ಆಹಾರ ಸರಪಳಿಗಳಲ್ಲಿ ಬಳಕೆಯಾಗುತ್ತಿರುವುದು ಬಹುಮಟ್ಟಿಗೆ ಬಿಟ್‌ಕಾಯಿನ್ ಮಾದರಿಯದ್ದಲ್ಲ. ಹೈಪರ್‌ಲೆಡ್ಜರ್ ಫ್ಯಾಬ್ರಿಕ್‌ನಂಥ ಅನುಮತಿ ಆಧಾರಿತ ಬ್ಲಾಕ್‌ಚೈನ್‌ಗಳಲ್ಲಿ ಗುರುತು ಪರಿಚಯವಿರುವ ಸದಸ್ಯರಿಗೆ ಮಾತ್ರ ಪ್ರವೇಶ, ಯಾರು ಏನನ್ನು ಬರೆಯಬಹುದು, ಯಾರು ಏನನ್ನು ಓದಬಹುದು ಎಂಬುದಕ್ಕೆ ನಿಯಮ. ಬಿಟ್‌ಕಾಯಿನ್ ನುಂಗುವ ಅಪಾರ ವಿದ್ಯುತ್ತಿನ ದೂರು ಆದ್ದರಿಂದ ಇವುಗಳಿಗೆ ತಗುಲುವುದಿಲ್ಲ.

ಇಷ್ಟನ್ನು ತಿಳಿದ ಮೇಲೆ ಮಾವಿನ ಪ್ರಯೋಗದತ್ತ ಇನ್ನೊಮ್ಮೆ ನೋಡುವುದು ಒಳ್ಳೆಯದು. ಮೊದಲ ಸಲ ಸುಮಾರು ಏಳು ದಿನ ಹಿಡಿದದ್ದು ಹ್ಯಾಶ್ ಇಲ್ಲದ ಕಾರಣಕ್ಕಲ್ಲ, ಫೋನು ಮಾಡಿ, ಕಡತ ಹುಡುಕಿಸಿ, ಒಬ್ಬೊಬ್ಬರು ಒಂದೊಂದು ರೀತಿ ಬರೆದಿಟ್ಟ ಲಾಟ್ ಸಂಖ್ಯೆಗಳನ್ನು ಹೊಂದಿಸಬೇಕಾದ ಕಾರಣಕ್ಕೆ. ಎರಡನೆಯ ಸಲ ಎಲ್ಲರೂ ಒಂದೇ ನಮೂನೆಯಲ್ಲಿ, ಒಂದೇ ಕಡೆಗೆ, ಮುಂಚಿತವಾಗಿ ಮಾಹಿತಿ ತುಂಬಿದ್ದರು. ಹಾಗೆ ತುಂಬಿದ ಮಾಹಿತಿಯನ್ನು ಸಾಮಾನ್ಯ ದತ್ತಸಂಚಯದಲ್ಲಿ, ಅಂದರೆ ಒಂದು ಸಂಸ್ಥೆಯ ಸರ್ವರಿನಲ್ಲಿ ಕೂಡಿಟ್ಟ ಡೇಟಾಬೇಸಿನಲ್ಲಿ, ಹುಡುಕಿದ್ದರೂ ಉತ್ತರ ಕ್ಷಣಮಾತ್ರದಲ್ಲೇ ಬರುತ್ತಿತ್ತು. ಬ್ಲಾಕ್‌ಚೈನ್ ವೇಗಕ್ಕಾಗಿ ಹುಟ್ಟಿದ ತಂತ್ರವಲ್ಲ. ಒಬ್ಬರನ್ನೊಬ್ಬರು ಪೂರ್ತಿ ನಂಬದ, ಎಲ್ಲರೂ ನಂಬುವ ಮಧ್ಯಸ್ಥನೊಬ್ಬನೂ ಇಲ್ಲದ ಕಡೆ ಒಂದೇ ಲೆಕ್ಕವನ್ನು ಹಂಚಿಕೊಳ್ಳಲು ಹುಟ್ಟಿದ ತಂತ್ರ. ಅಂಥ ಮಧ್ಯಸ್ಥ ಇದ್ದಲ್ಲಿ ಅದರ ಅಗತ್ಯವೇ ಬೀಳದಿರಬಹುದು, ಮತ್ತು ಭಾರತದ ಕೃಷಿ ರಫ್ತಿನ ಅನುಭವದಲ್ಲೇ ಇದಕ್ಕೆ ಗಟ್ಟಿಯಾದ ಸಾಕ್ಷ್ಯವಿದೆ.

2003ರಲ್ಲಿ ನೆದರ್‌ಲೆಂಡ್ಸ್‌ನಲ್ಲಿ ಭಾರತದ ದ್ರಾಕ್ಷಿಯಲ್ಲಿ ಮೆಥೋಮಿಲ್ ಎಂಬ ಕೀಟನಾಶಕದ ಉಳಿಕೆ ಮಿತಿ ಮೀರಿ ಕಂಡುಬಂದು ಸರಕು ತಿರಸ್ಕೃತವಾದಾಗ, ಮಹಾರಾಷ್ಟ್ರದ ನಾಸಿಕ, ಸಾಂಗಲಿಗಳ ಬೆಳೆಗಾರರಿಗೂ ರಫ್ತುದಾರರಿಗೂ ದೊಡ್ಡ ಪೆಟ್ಟು ಬಿತ್ತು. ಕೇಂದ್ರ ಸರ್ಕಾರದ ಕೃಷಿ ರಫ್ತು ಅಭಿವೃದ್ಧಿ ಸಂಸ್ಥೆಯಾದ ಅಪೆಡಾ ಆ ಬಳಿಕ ಪುಣೆಯ ರಾಷ್ಟ್ರೀಯ ದ್ರಾಕ್ಷಿ ಸಂಶೋಧನಾ ಕೇಂದ್ರದ ನೆರವಿನಿಂದ ಉಳಿಕೆ ಪರೀಕ್ಷೆಯ ಕ್ರಮವೊಂದನ್ನು ರೂಪಿಸಿ, ಮುಂದೆ ಅದನ್ನು ಗ್ರೇಪ್‌ನೆಟ್ ಎಂಬ ಗಣಕ ವ್ಯವಸ್ಥೆಗೆ ತಂದಿತು. ಯುರೋಪಿಗೆ ಹೋಗಬೇಕಾದ ದ್ರಾಕ್ಷಿಯ ಪ್ರತಿ ತೋಟವೂ ಅದರಲ್ಲಿ ನೋಂದಣಿಯಾಗುತ್ತದೆ. ಅಧಿಕಾರಿಗಳ ತಪಾಸಣೆ, ಮಾನ್ಯತೆ ಪಡೆದ ಪ್ರಯೋಗಾಲಯದ ಫಲಿತಾಂಶ, ಪ್ಯಾಕ್‌ಹೌಸಿನ ವಿವರ, ಅಗ್‌ಮಾರ್ಕ್ ಮತ್ತು ಸಸ್ಯ ಆರೋಗ್ಯ ಪ್ರಮಾಣಪತ್ರಗಳೆಲ್ಲ ಅದೇ ಜಾಲದಲ್ಲಿ ಒಂದರ ಬೆನ್ನಿಗೊಂದು ಸೇರುತ್ತವೆ. ಪರೀಕ್ಷೆಯಲ್ಲಿ ಸೋತ ತೋಟದ ಹಣ್ಣಿಗೆ ಮುಂದಿನ ಪ್ರಮಾಣಪತ್ರ ಹುಟ್ಟುವುದೇ ಇಲ್ಲ. ಮೊದಲ ಹಲವು ವರ್ಷ ಇಷ್ಟೆಲ್ಲ ನಡೆದದ್ದು ಸಾಮಾನ್ಯ ಡೇಟಾಬೇಸಿನಲ್ಲಿ. ಅಪೆಡಾವನ್ನು ಬೆಳೆಗಾರ, ರಫ್ತುದಾರ, ಯುರೋಪಿನ ಕೊಳ್ಳುಗ ಮೂವರೂ ಮಧ್ಯಸ್ಥನೆಂದು ಒಪ್ಪಿದ್ದರಿಂದ ಆಗ ಅದಕ್ಕೆ ಬ್ಲಾಕ್‌ಚೈನ್ ಬೇಕಾಗಲಿಲ್ಲ.

ಅದೇ ಗ್ರೇಪ್‌ನೆಟ್ ಇನ್ನೊಂದು ಪಾಠವನ್ನೂ ಕಲಿಸಿತು. 2010ರಲ್ಲಿ ಯುರೋಪಿನ ಪ್ರಯೋಗಾಲಯಗಳು ಭಾರತದ ದ್ರಾಕ್ಷಿಯಲ್ಲಿ ಕ್ಲೋರ್‌ಮೆಕ್ವಾಟ್ ಕ್ಲೋರೈಡ್ ಎಂಬ ಬೆಳವಣಿಗೆ ನಿಯಂತ್ರಕದ ಉಳಿಕೆಯನ್ನು ಕಂಡು ಸರಕನ್ನು ತಡೆದವು. ನಮ್ಮ ದಾಖಲೆಗಳಲ್ಲಿ ಮೋಸವಾಗಿರಲಿಲ್ಲ, ಯಾರೂ ಯಾವ ಅಂಕಿಯನ್ನೂ ತಿದ್ದಿರಲಿಲ್ಲ. ಪರೀಕ್ಷಿಸಬೇಕಾದ ರಾಸಾಯನಿಕಗಳ ಪಟ್ಟಿಯಲ್ಲಿ ಅದೊಂದು ಹೆಸರು ಇರಲಿಲ್ಲ, ಅಷ್ಟೆ. ಆ ಇಡೀ ಪಟ್ಟಿಯನ್ನು ಬ್ಲಾಕ್‌ಚೈನ್‌ನಲ್ಲಿ ಕೆತ್ತಿಟ್ಟಿದ್ದರೂ ಕೂದಲೆಳೆಯಷ್ಟು ವ್ಯತ್ಯಾಸವಾಗುತ್ತಿರಲಿಲ್ಲ, ಏಕೆಂದರೆ ಹುಡುಕದೆ ಇರುವುದನ್ನು ಯಾವ ದಾಖಲೆಯೂ ಹೇಳಲಾರದು.

ಕೃಷಿಯಲ್ಲಿ ಈ ತಂತ್ರಜ್ಞಾನದ ಬಗ್ಗೆ ಕೇಳಬೇಕಾದ ಮೊದಲ ಪ್ರಶ್ನೆ ಇಲ್ಲಿಂದಲೇ ಹುಟ್ಟುತ್ತದೆ. ಬಿಟ್‌ಕಾಯಿನ್ ಪೂರ್ತಿಯಾಗಿ ಕಂಪ್ಯೂಟರಿನ ಒಳಗೇ ಹುಟ್ಟಿ ಅಲ್ಲೇ ಕೈ ಬದಲಾಗುವ ವಸ್ತುವಾದ್ದರಿಂದ ಅದರ ಲೆಕ್ಕವೇ ಆ ವಸ್ತು. ಮೆಣಸಿನಕಾಯಿಯ ಚೀಲ ಹಾಗಲ್ಲ, ಅದು ಲೆಕ್ಕದ ಹೊರಗೆ ಅಂಗಳದಲ್ಲಿ ಬಿದ್ದಿರುತ್ತದೆ. ಚೀಲದಲ್ಲಿರುವುದು ಬ್ಯಾಡಗಿಯೋ ಬೇರೆಯೋ, ತೂಕ ಸರಿಯೋ, ಸಾವಯವವೆಂಬ ಮಾತು ನಿಜವೋ ಎಂಬುದನ್ನು ಯಾರೋ ಒಬ್ಬರು ನೋಡಿ, ನಿರ್ಧರಿಸಿ, ಕಂಪ್ಯೂಟರಿಗೆ ತುಂಬಬೇಕು. ಹೊರಗಿನ ಜಗತ್ತಿನ ಸಂಗತಿಯನ್ನು ಸರಪಳಿಯ ಒಳಕ್ಕೆ ತರುವ ಈ ಘಟ್ಟವನ್ನು ಗಣಕ ತಜ್ಞರು ಒರಾಕಲ್ ಸಮಸ್ಯೆ ಎನ್ನುತ್ತಾರೆ. ಸುಳ್ಳು ಒಮ್ಮೆ ಒಳಗೆ ಬಂದರೆ ಬ್ಲಾಕ್‌ಚೈನ್ ಅದನ್ನೂ ಸತ್ಯದಷ್ಟೇ ನಿಷ್ಠೆಯಿಂದ ಕಾಪಾಡುತ್ತದೆ. ಸಂವೇದಕಗಳನ್ನು, ಅಂದರೆ ಉಷ್ಣತೆ, ತೇವಾಂಶ, ಸ್ಥಳಗಳನ್ನು ತಾವಾಗಿ ಅಳೆದು ಕಳಿಸುವ ಸೆನ್ಸರ್‌ಗಳನ್ನು ಇಟ್ಟರೆ ಮನುಷ್ಯನ ಕೈ ತಪ್ಪುತ್ತದೆಂಬ ವಾದವಿದೆ. ಶೀತಲ ಲಾರಿಯ ಉಷ್ಣತೆಯ ಮಟ್ಟಿಗೆ ಆ ವಾದ ಒಪ್ಪತಕ್ಕದ್ದೇ, ಆದರೆ ಸೆನ್ಸರನ್ನು ಎಲ್ಲಿ ಇಡಬೇಕೆಂದು ತೀರ್ಮಾನಿಸುವವನು ಮನುಷ್ಯನೇ. ಬಾಸ್ಮತಿ ಅಕ್ಕಿಯಲ್ಲಿ ಬೇರೆ ತಳಿಯ ಬೆರಕೆಯನ್ನು ಡಿಎನ್‌ಎ ಪರೀಕ್ಷೆಯಿಂದ ಪತ್ತೆ ಮಾಡುವಂತೆ, ವಸ್ತುವನ್ನೇ ಕೇಳಿ ಉತ್ತರ ಪಡೆಯುವ ಪರೀಕ್ಷೆಗಳು ಇರುವ ಕಡೆ ಮಾತ್ರ ಸರಪಳಿಯ ಮಾತಿಗೆ ನಿಜವಾದ ತೂಕ ಬರುತ್ತದೆ.

ಕರ್ನಾಟಕದ ಓದುಗರಿಗೆ ಈ ಪ್ರಶ್ನೆಗಳು ಹೆಚ್ಚು ಹತ್ತಿರವಾಗುವುದು ಕಾಫಿಯ ವಿಷಯದಲ್ಲಿ. ಭಾರತೀಯ ಕಾಫಿ ಮಂಡಳಿಯು 2019ರ ಮಾರ್ಚ್ 28ರಂದು ಬ್ಲಾಕ್‌ಚೈನ್ ಆಧಾರಿತ ಕಾಫಿ ಮಾರುಕಟ್ಟೆಯೊಂದನ್ನು ಪ್ರಾಯೋಗಿಕವಾಗಿ ಆರಂಭಿಸಿತು; ಬೆಂಗಳೂರಿನ ಏಕಾ ಸಂಸ್ಥೆ ಅದರ ತಂತ್ರಾಂಶವನ್ನು ಸಿದ್ಧಪಡಿಸಿತ್ತು. ಆ ಹೊತ್ತಿಗೆ ಸರ್ಕಾರ ನೀಡಿದ ವಿವರದಂತೆ ದೇಶದಲ್ಲಿ ಕಾಫಿ ಬೆಳೆಯುತ್ತಿದ್ದುದು 4.54 ಲಕ್ಷ ಹೆಕ್ಟೇರಿನಲ್ಲಿ, 3.66 ಲಕ್ಷ ಬೆಳೆಗಾರರು, ಅವರಲ್ಲಿ ಶೇ. 98 ಮಂದಿ ಸಣ್ಣವರು. ಪ್ರದೇಶದ ಅರ್ಧಕ್ಕಿಂತ ಹೆಚ್ಚು ಪಾಲು ಕರ್ನಾಟಕದ್ದು. ಬೆಳೆಗಾರ ತನ್ನ ತೋಟದ ಸ್ಥಳ, ಸಮುದ್ರ ಮಟ್ಟದಿಂದ ಎತ್ತರ, ಬೆಳೆಯ ವಿವರ, ಪಡೆದಿರುವ ಪ್ರಮಾಣಪತ್ರಗಳನ್ನು ದಾಖಲಿಸಿದರೆ, ಮಾರುವ ಪ್ರತಿ ಲಾಟಿಗೆ ಒಂದು ಬ್ಲಾಕ್ ರೂಪುಗೊಂಡು, ಹೊರದೇಶದಲ್ಲಿ ಕಾಫಿ ಕುಡಿಯುವವನಿಗೆ ಬೀಜದ ಹುಟ್ಟೂರು ತಿಳಿಯುತ್ತದೆ ಎಂಬುದು ಯೋಜನೆಯ ಆಶಯ. ಅದೇ ತಿಂಗಳಿನಲ್ಲಿ ಕೊಡಗು ಅರೇಬಿಕಾ, ಚಿಕ್ಕಮಗಳೂರು ಅರೇಬಿಕಾ, ಬಾಬಾಬುಡನ್‌ಗಿರಿ ಅರೇಬಿಕಾ, ವಯನಾಡು ರೋಬಸ್ಟಾ ಮತ್ತು ಅರಕು ಕಣಿವೆಯ ಅರೇಬಿಕಾಗಳಿಗೆ ಭೌಗೋಳಿಕ ಸೂಚಕದ ಮಾನ್ಯತೆಯೂ ದೊರೆತಿದ್ದರಿಂದ, ಊರಿನ ಹೆಸರಿಗೆ ಬೆಲೆ ಬರುವ ಕಾಲ ಕೂಡಿಬಂದಂತೆ ಕಂಡಿತು. ಆರಂಭದಲ್ಲಿ ನೋಂದಾಯಿಸಿಕೊಂಡಿದ್ದವರು ಬೆಳೆಗಾರರು, ರಫ್ತುದಾರರು, ಹುರಿಯುವವರು, ಆಮದುದಾರರು ಎಲ್ಲ ಸೇರಿ ಸುಮಾರು 20 ಮಂದಿ.

ಇದರ ಹಿಂದೆ ಒಂದು ಚರಿತ್ರೆಯಿದೆ. 1940ರ ದಶಕದಿಂದ 1990ರ ದಶಕದ ಮಧ್ಯದವರೆಗೆ ದೇಶದ ಕಾಫಿಯೆಲ್ಲ ಮಂಡಳಿಯ ಪೂಲ್‌ಗೆ ಹೋಗುತ್ತಿತ್ತು. ಬೆಳೆಗಾರ ತನ್ನ ಬೆಳೆಯನ್ನು ಒಪ್ಪಿಸಿ, ಗುಣಮಟ್ಟಕ್ಕೆ ತಕ್ಕ ಅಂಶಗಳ ಲೆಕ್ಕದಲ್ಲಿ ಹಣವನ್ನು ಕಂತುಗಳಲ್ಲಿ ಪಡೆಯುತ್ತಿದ್ದ; ಯಾರ ತೋಟದ ಕಾಫಿ ಯಾರ ಲೋಟಕ್ಕೆ ಹೋಯಿತೆಂಬ ಪ್ರಶ್ನೆಗೆ ಆ ಏರ್ಪಾಟಿನಲ್ಲಿ ಅರ್ಥವೇ ಇರಲಿಲ್ಲ, ಎಲ್ಲರ ಕಾಫಿಯನ್ನೂ ಒಂದಾಗಿಸುವುದೇ ಅದರ ಉದ್ದೇಶವಾಗಿತ್ತು. 1996ರ ವೇಳೆಗೆ ಮಾರಾಟ ಪೂರ್ತಿ ಮುಕ್ತವಾದ ಮೇಲೆ ದೊಡ್ಡ ಎಸ್ಟೇಟುಗಳು ತಮ್ಮ ಹೆಸರಿನಲ್ಲೇ ಹೊರದೇಶದ ಕೊಳ್ಳುಗರನ್ನು ಹುಡುಕಿಕೊಂಡವು. ಐದಾರು ಎಕರೆಯ ಬೆಳೆಗಾರ ಮಾತ್ರ ಪೂಲ್‌ನಿಂದ ಹೊರಬಂದು ಹತ್ತಿರದ ಪಟ್ಟಣದ ಕಾಫಿ ವ್ಯಾಪಾರಿಯ ಅಂಗಡಿ ಮುಂದೆ ನಿಂತ, ಇಂದಿಗೂ ಬಹುಪಾಲು ಅಲ್ಲೇ ನಿಲ್ಲುತ್ತಾನೆ.

ಆ ಅಂಗಡಿಯಲ್ಲಿ ನಡೆಯುವ ಕೆಲಸವನ್ನು ಗಮನಿಸಿದರೆ ಬ್ಲಾಕ್‌ಚೈನ್ ಎಲ್ಲಿ ಎಡವುತ್ತದೆಂಬುದು ತಿಳಿಯುತ್ತದೆ. ಹಣ್ಣನ್ನು ಪಲ್ಪರಿಗೆ ಹಾಕಿ ಸಿಪ್ಪೆ ತೆಗೆದು, ತೊಳೆದು ಒಣಗಿಸಿದ್ದು ಪಾರ್ಚ್‌ಮೆಂಟ್. ಹಣ್ಣನ್ನು ಇದ್ದಂತೆಯೇ ಕಣದಲ್ಲಿ ಒಣಗಿಸಿದ್ದು ಚೆರಿ. ಸಣ್ಣ ಬೆಳೆಗಾರ ಹೆಚ್ಚಾಗಿ ಮಾರುವ ರೋಬಸ್ಟಾ ಚೆರಿಯ ಬೆಲೆ 50 ಕಿಲೋ ಚೀಲದ ಲೆಕ್ಕದಲ್ಲಿ ನಿಗದಿಯಾದರೂ, ಕೈಗೆ ಬರುವ ಹಣ ಔಟ್‌ಟರ್ನ್ ಮೇಲೆ, ಅಂದರೆ ಒಂದು ಚೀಲ ಚೆರಿಯಿಂದ ಎಷ್ಟು ಕಿಲೋ ಶುದ್ಧ ಬೀಜ ದೊರೆಯುತ್ತದೆಂಬುದರ ಮೇಲೆ, ಮತ್ತು ತೇವಾಂಶದ ಮೇಲೆ ನಿಂತಿರುತ್ತದೆ. ಒಂದು ಹಿಡಿ ಮಾದರಿ ತೆಗೆದು ಸಿಪ್ಪೆ ಬಿಡಿಸಿ ತೂಗುವವನು ವ್ಯಾಪಾರಿ, ತೇವಾಂಶದ ಮೀಟರು ವ್ಯಾಪಾರಿಯದು, ತಕ್ಕಡಿಯೂ ಅವನದೇ. ಬೆಳೆಗಾರನ ಅನುಮಾನಗಳೆಲ್ಲ ಹುಟ್ಟುವ ಜಾಗ ಇದು, ಮತ್ತು ಬೆಲೆಯ ವ್ಯತ್ಯಾಸದ ದೊಡ್ಡ ಪಾಲು ತೀರ್ಮಾನವಾಗುವುದೂ ಇಲ್ಲಿಯೇ. ಇಲ್ಲಿ ನಿರ್ಧಾರವಾದ ಅಂಕಿಯನ್ನು ಬ್ಲಾಕ್‌ಚೈನ್‌ಗೆ ಏರಿಸಿದರೆ ಆ ಅಂಕಿ ಶಾಶ್ವತವಾಗುತ್ತದೆಯೇ ಹೊರತು ನ್ಯಾಯವಾಗುವುದಿಲ್ಲ. ಅನಂತರ ವ್ಯಾಪಾರಿ ಹತ್ತಾರು ತೋಟಗಳ ಚೆರಿಯನ್ನು ಒಂದೇ ರಾಶಿಗೆ ಸುರಿದು ಚಿಕ್ಕಮಗಳೂರು, ಹಾಸನ, ಕುಶಾಲನಗರಗಳ ಕ್ಯೂರಿಂಗ್ ವರ್ಕ್ಸ್‌ಗೆ ಕಳಿಸುತ್ತಾನೆ. ಅಲ್ಲಿ ಸಿಪ್ಪೆ ಬಿಡಿಸಿ, ಗಾತ್ರಕ್ಕೆ ತಕ್ಕಂತೆ ವಿಂಗಡಿಸುವಾಗ ರಾಶಿಗಳು ಮತ್ತೆ ಬೆರೆಯುತ್ತವೆ. ಯೂಮಾದ ಸೊಪ್ಪಿಗೆ ಆದದ್ದೇ ಇಲ್ಲಿ ಕಾಫಿಗೆ ಆಗುತ್ತದೆ.

ಬೆರೆಯದಂತೆ ನೋಡಿಕೊಳ್ಳುವುದು ಅಸಾಧ್ಯವೇನಲ್ಲ. ಪ್ರತಿ ತೋಟದ ಬೀಜವನ್ನು ಪ್ರತ್ಯೇಕ ಲಾಟಾಗಿಯೇ ಒಣಗಿಸಿ, ಸಾಗಿಸಿ, ಹಲ್ಲಿಂಗ್, ಅಂದರೆ ಸಿಪ್ಪೆ ಬಿಡಿಸುವ ಕೆಲಸ, ಮಾಡಿಸುವ ಪದ್ಧತಿ ವಿಶೇಷ ಕಾಫಿಗಳಲ್ಲಿ ಈಗಾಗಲೇ ಇದೆ, ಆದರೆ ಅದಕ್ಕೆ ಪ್ರತ್ಯೇಕ ಕಣ, ಪ್ರತ್ಯೇಕ ಜಾಗ ಬೇಕು, ಯಂತ್ರವನ್ನು ಲಾಟಿನಿಂದ ಲಾಟಿಗೆ ನಿಲ್ಲಿಸಿ ಶುಚಿ ಮಾಡಬೇಕು. ಹತ್ತು ಚೀಲದ ಬೆಳೆಗೆ ಈ ಖರ್ಚು ಗಿಟ್ಟುವುದಿಲ್ಲ. ತಂತ್ರಾಂಶದ ಖರ್ಚು ಇದರ ಮುಂದೆ ಏನೂ ಅಲ್ಲ. ಮಾಸ್ ಬ್ಯಾಲೆನ್ಸ್ ಎಂಬ ಇನ್ನೊಂದು ದಾರಿಯಲ್ಲಿ ಸರಕು ಬೆರೆತರೂ ಒಳಬಂದ ತೂಕಕ್ಕಿಂತ ಹೊರಹೋದ ತೂಕ ಹೆಚ್ಚಾಗದಂತೆ ಲೆಕ್ಕವನ್ನು ಮಾತ್ರ ನೋಡಿಕೊಳ್ಳುತ್ತಾರೆ. ಬ್ಲಾಕ್‌ಚೈನ್ ಚೆನ್ನಾಗಿ ಕೆಲಸ ಮಾಡಬಲ್ಲ ಕಡೆ ಎಂದರೆ ಬಹುಶಃ ಇದು, ಏಕೆಂದರೆ ಇಲ್ಲಿ ಮೋಸ ನಡೆಯುವುದು ಒಂದೇ ಪ್ರಮಾಣಪತ್ರವನ್ನು ಎರಡು ಸಲ ಮಾರುವುದರಲ್ಲಿ, ಮತ್ತು ಒಂದೇ ವಸ್ತುವನ್ನು ಎರಡು ಸಲ ಖರ್ಚು ಮಾಡುವುದನ್ನು ತಡೆಯುವುದಕ್ಕೇ ಬಿಟ್‌ಕಾಯಿನ್ ಬ್ಲಾಕ್‌ಚೈನನ್ನು ಬಳಸಿಕೊಂಡದ್ದು. ಇಂಥ ಲೆಕ್ಕದ ಕೊರತೆ ಕಾಳುಮೆಣಸಿನಲ್ಲಿ ಕಂಡಿತ್ತು: ವಿಯೆಟ್ನಾಂ ಕಾಳುಮೆಣಸು ಒಳಬಂದು ಮಲೆನಾಡಿನ ಮೆಣಸಿನ ಬೆಲೆ ಕೆಡಿಸುತ್ತಿದೆ ಎಂದು ಬೆಳೆಗಾರರು ದೂರಿದಾಗ ಕೇಂದ್ರ ಸರ್ಕಾರ 2017ರ ಡಿಸೆಂಬರಿನಲ್ಲಿ ಕಿಲೋಗೆ 500 ರೂಪಾಯಿಯ ಕನಿಷ್ಠ ಆಮದು ಬೆಲೆಯನ್ನು ಹೇರಿತು. ಒಂದು ಜಿಲ್ಲೆಯಲ್ಲಿ ಬೆಳೆದ ಮೆಣಸೆಷ್ಟು, ಆ ಜಿಲ್ಲೆಯ ಹೆಸರಿನಲ್ಲಿ ಮಾರಾಟವಾದದ್ದೆಷ್ಟು ಎಂಬ ತಾಳೆ ಪಟ್ಟಿಯಿದ್ದಿದ್ದರೆ ಅಂಥ ವಾದಗಳು ಅನುಮಾನದ ಮೇಲೆ ನಡೆಯಬೇಕಿರಲಿಲ್ಲ.

ಹಣ ಪಾವತಿಯ ವಿಷಯದಲ್ಲಿ ಸ್ಮಾರ್ಟ್ ಕಾಂಟ್ರಾಕ್ಟ್‌ಗಳ ಬಗ್ಗೆ ಹೆಚ್ಚು ಆಸೆ ಇಟ್ಟುಕೊಳ್ಳಲಾಗಿದೆ. ನಿಗದಿಪಡಿಸಿದ ಷರತ್ತು ಪೂರೈಸಿದೊಡನೆ ಒಪ್ಪಂದವನ್ನು ತಾನೇ ಜಾರಿಗೆ ತರುವ ಸಣ್ಣ ಕಾರ್ಯಕ್ರಮ ಎಂದು ಅದನ್ನು ವಿವರಿಸಬಹುದು. ಆಸ್ಟ್ರೇಲಿಯಾದ ಅಗ್ರಿಡಿಜಿಟಲ್ ಸಂಸ್ಥೆ 2016ರ ಡಿಸೆಂಬರಿನಲ್ಲಿ ನ್ಯೂ ಸೌತ್ ವೇಲ್ಸ್‌ನ ಡಬ್ಬೊ ಪಟ್ಟಣದಲ್ಲಿ ಗೋಧಿಯ ಮಾರಾಟವೊಂದನ್ನು ಹೀಗೆ ಮುಗಿಸಿ ತೋರಿಸಿತು. ಧಾನ್ಯ ತೂಕವಾಗಿ ಒಪ್ಪಿತವಾದೊಡನೆ ಒಡೆತನವೂ ಪಾವತಿಯೂ ಒಟ್ಟಿಗೆ ಕೈ ಬದಲಾದವು, ಬೆಳೆಗಾರ ವಾರಗಟ್ಟಲೆ ಕಾಯುವುದು ತಪ್ಪಿತು. 2018ರ ಜನವರಿಯಲ್ಲಿ ಲೂಯಿ ಡ್ರೇಫಸ್ ಕಂಪನಿ ಅಮೆರಿಕದಿಂದ ಚೀನಾಕ್ಕೆ ಹೋದ 60,000 ಟನ್ ಸೋಯಾ ಅವರೆಯ ಒಪ್ಪಂದ, ಸಾಲಪತ್ರ, ಪ್ರಮಾಣಪತ್ರಗಳನ್ನು ಬ್ಲಾಕ್‌ಚೈನ್ ಮೇಲೆ ನಡೆಸಿ ಕಾಗದದ ಕೆಲಸದ ಸಮಯವನ್ನು ಐದರಲ್ಲೊಂದು ಪಾಲಿಗೆ ಇಳಿಸಿತು. ಈ ಎರಡೂ ಕಡೆ ಗುಣಮಟ್ಟವನ್ನು ಅಳೆಯುವ ವ್ಯವಸ್ಥೆ ಮೊದಲೇ ಗಟ್ಟಿಯಾಗಿತ್ತು, ಕೊಳ್ಳುಗ ಮಾರುವವ ಇಬ್ಬರೂ ಅದನ್ನು ಒಪ್ಪಿದ್ದರು ಎಂಬುದನ್ನು ಮರೆಯುವಂತಿಲ್ಲ. ನಮ್ಮಲ್ಲಿ ಇನ್ನೊಂದು ಸಂಗತಿಯೂ ಇದೆ: ಗೊಬ್ಬರಕ್ಕೆ, ಕೂಲಿಗೆ, ಮದುವೆಗೆ ಮುಂಗಡ ಕೊಟ್ಟವನು ಅದೇ ವ್ಯಾಪಾರಿಯಾಗಿರುವಾಗ, ಸರಕಿನ ಹಣ ತಕ್ಷಣ ಖಾತೆಗೆ ಬೀಳುವ ಒಪ್ಪಂದಕ್ಕೆ ಅವನೂ ಬರುವುದಿಲ್ಲ, ಮುಂಗಡ ಬೇಕಾದ ಬೆಳೆಗಾರನೂ ಒತ್ತಾಯಿಸುವುದಿಲ್ಲ.

ಅಳವಡಿಕೆಯ ಹಾದಿಯಲ್ಲಿ ತಂತ್ರಕ್ಕಿಂತ ಮನುಷ್ಯರ ಹಿತಾಸಕ್ತಿಗಳೇ ಹೆಚ್ಚು ಅಡ್ಡ ಬಂದಿವೆ. ಹಡಗು ಸಾಗಣೆಯ ದಾಖಲೆಗಳಿಗಾಗಿ ಹಡಗು ಕಂಪನಿ ಮೇರ್ಸ್ಕ್ ಮತ್ತು ಐಬಿಎಂ ಸೇರಿ ಕಟ್ಟಿದ ಟ್ರೇಡ್‌ಲೆನ್ಸ್ ಎಂಬ ದೊಡ್ಡ ಬ್ಲಾಕ್‌ಚೈನ್ ಜಾಲವನ್ನು, ಉದ್ಯಮದ ಪೂರ್ತಿ ಸಹಕಾರ ದೊರೆಯಲಿಲ್ಲವೆಂಬ ಕಾರಣ ಹೇಳಿ, ಮುಚ್ಚುವುದಾಗಿ 2022ರ ನವೆಂಬರಿನಲ್ಲಿ ಪ್ರಕಟಿಸಲಾಯಿತು. ಎಲ್ಲರ ಸ್ವತ್ತಾಗಬೇಕಾದ ಲೆಕ್ಕವನ್ನು ಪೈಪೋಟಿಯ ಕಂಪನಿಯೊಂದು ನಡೆಸುತ್ತಿರುವಾಗ ಉಳಿದವರು ಹಿಂಜರಿಯುವುದು ಸಹಜವೇ. ಕೃಷಿ ಸರಪಳಿಯಲ್ಲಿ ಇದೇ ಮಾತು ಬೇರೆ ರೂಪದಲ್ಲಿ ಬರುತ್ತದೆ: ಮಧ್ಯವರ್ತಿಯ ಲಾಭ ಇರುವುದೇ ಯಾರಿಗೆ ಎಷ್ಟಕ್ಕೆ ಮಾರಿದೆನೆಂಬುದನ್ನು ಹೇಳದೆ ಇರುವುದರಲ್ಲಿ, ಹಾಗಿರುವಾಗ ಅವನು ಸ್ವಂತ ಖರ್ಚಿನಲ್ಲಿ ಅದನ್ನು ಬಯಲು ಮಾಡಲಾರ. ಸಾಂಬಾರ ಮಂಡಳಿಯು ವಿಶ್ವಸಂಸ್ಥೆಯ ಅಭಿವೃದ್ಧಿ ಕಾರ್ಯಕ್ರಮದೊಡನೆ ಸೇರಿ 2021ರಲ್ಲಿ ಆಂಧ್ರದ ಮೆಣಸಿನಕಾಯಿ, ಅರಿಸಿನ ಬೆಳೆಗಾರರಿಗಾಗಿ ಕೈಗೊಂಡ ಬ್ಲಾಕ್‌ಚೈನ್ ಯೋಜನೆಯಂತೆ ಸಾರ್ವಜನಿಕ ಸಂಸ್ಥೆಯೊಂದು ಮುಂದೆ ನಿಂತಾಗ ಈ ಹಿಂಜರಿಕೆ ಕಡಿಮೆಯಾಗಬಹುದು. ಆದರೆ ಸಾರ್ವಜನಿಕ ಸಂಸ್ಥೆಯನ್ನೇ ಎಲ್ಲರೂ ನಂಬುವುದಾದರೆ ಅದರ ಡೇಟಾಬೇಸನ್ನೇ ಏಕೆ ನಂಬಬಾರದು ಎಂಬ ಪ್ರಶ್ನೆ ಆಗ ಮತ್ತೆ ಎದುರಾಗುತ್ತದೆ. ಇದಕ್ಕೆ ಒಂದೇ ಒಪ್ಪತಕ್ಕ ಉತ್ತರ, ಸಂಸ್ಥೆಯ ಒಳಗಿನವರೂ ಹಳೆಯ ದಾಖಲೆಯನ್ನು ಸದ್ದಿಲ್ಲದೆ ತಿದ್ದಲಾಗದು ಎಂಬುದು, ಮತ್ತು ನಮ್ಮ ಕಚೇರಿಗಳ ದಾಖಲೆಗಳ ಚರಿತ್ರೆಯನ್ನು ಬಲ್ಲವರಿಗೆ ಅದು ಸಣ್ಣ ಗುಣವಾಗಿ ಕಾಣಲಾರದು.

ಅಳಿಸಲಾಗದಿರುವ ಈ ಗುಣವೇ ಕಾನೂನಿನ ಎದುರು ತೊಡಕೂ ಆಗುತ್ತದೆ. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯು ತನ್ನ ಬಗೆಗಿನ ಮಾಹಿತಿಯನ್ನು ತಿದ್ದಿಸುವ, ಅಳಿಸಿಸುವ ಹಕ್ಕನ್ನು ವ್ಯಕ್ತಿಗೆ ನೀಡಿದೆ. ಬೆಳೆಗಾರನ ಹೆಸರು, ಜಮೀನಿನ ವಿವರ, ಫೋನ್ ಸಂಖ್ಯೆಗಳನ್ನು ನೇರವಾಗಿ ಬ್ಲಾಕಿನಲ್ಲಿ ಬರೆದರೆ ಆ ಹಕ್ಕು ಕಾಗದದಲ್ಲೇ ಉಳಿಯುತ್ತದೆ. ಆದ್ದರಿಂದ ವೈಯಕ್ತಿಕ ವಿವರಗಳನ್ನು ಹೊರಗಿನ ಸಾಮಾನ್ಯ ಡೇಟಾಬೇಸಿನಲ್ಲಿಟ್ಟು, ಸರಪಳಿಯಲ್ಲಿ ಅವುಗಳ ಹ್ಯಾಶನ್ನು ಮಾತ್ರ ಇಡುವುದು ತಿಳಿದವರು ಅನುಸರಿಸುವ ಕ್ರಮ.

ಈ ಚರ್ಚೆಯನ್ನು ಸದ್ಯ ತುರ್ತಿನದಾಗಿಸಿರುವುದು ಯುರೋಪಿನ ಒಂದು ಕಾನೂನು. 2023ರಲ್ಲಿ ಯುರೋಪಿಯನ್ ಒಕ್ಕೂಟ ಅಂಗೀಕರಿಸಿದ ಅರಣ್ಯನಾಶ ತಡೆ ನಿಯಮದ ಪ್ರಕಾರ, 2020ರ ಡಿಸೆಂಬರ್ 31ರ ನಂತರ ಕಾಡು ಕಡಿದ ಭೂಮಿಯಲ್ಲಿ ಬೆಳೆದ ಕಾಫಿ, ಕೋಕೋ, ರಬ್ಬರ್, ತಾಳೆ, ಸೋಯಾ, ಮರ ಮತ್ತು ದನದ ಉತ್ಪನ್ನಗಳಿಗೆ ಅಲ್ಲಿ ಪ್ರವೇಶವಿಲ್ಲ. ಆಮದುದಾರ ಪ್ರತಿ ಸರಕಿನ ಹಿಂದಿನ ಜಮೀನಿನ ಅಕ್ಷಾಂಶ ರೇಖಾಂಶಗಳನ್ನು, ಜಮೀನು 4 ಹೆಕ್ಟೇರಿಗಿಂತ ದೊಡ್ಡದಾದರೆ ಅದರ ಸುತ್ತಳತೆಯ ನಕ್ಷೆಯನ್ನೇ ಒದಗಿಸಬೇಕು. ಜಾರಿಯ ದಿನಾಂಕ ಒಂದಕ್ಕಿಂತ ಹೆಚ್ಚು ಬಾರಿ ಮುಂದಕ್ಕೆ ಹೋಗಿದ್ದರೂ, ಇಟಲಿ, ಜರ್ಮನಿ, ಬೆಲ್ಜಿಯಂಗಳು ಭಾರತದ ಕಾಫಿಯ ದೊಡ್ಡ ಗಿರಾಕಿಗಳಲ್ಲಿ ಸೇರಿರುವುದರಿಂದ ಅದನ್ನು ಕಡೆಗಣಿಸುವಂತಿಲ್ಲ. ನಿಯಮದಲ್ಲಿ ಬ್ಲಾಕ್‌ಚೈನ್ ಬೇಕೆಂಬ ಮಾತು ಎಲ್ಲೂ ಇಲ್ಲ, ಯುರೋಪ್ ತಾನು ಘೋಷಣೆಗಳನ್ನು ಸ್ವೀಕರಿಸುವುದೂ ತನ್ನದೇ ಕೇಂದ್ರೀಯ ಗಣಕ ವ್ಯವಸ್ಥೆಯಲ್ಲಿ. ಹೀಗಿದ್ದರೂ ಬೆರಕೆಯಾದ ರಾಶಿಗೆ ಅಲ್ಲಿ ಬೆಲೆಯಿಲ್ಲ. ಮಾಸ್ ಬ್ಯಾಲೆನ್ಸ್ ಲೆಕ್ಕವನ್ನು ಆ ನಿಯಮ ಒಪ್ಪುವುದಿಲ್ಲ, ರಾಶಿಯೊಳಗಿನ ಎಲ್ಲ ತೋಟಗಳ ಗುರುತೂ ಇರಬೇಕು. ಪಶ್ಚಿಮ ಘಟ್ಟದ ಕಾಫಿ ಮರಗಳ ನೆರಳಿನಲ್ಲಿ ಬೆಳೆಯುವುದರಿಂದ ಉಪಗ್ರಹ ಚಿತ್ರದಲ್ಲಿ ತೋಟವನ್ನೂ ಕಾಡನ್ನೂ ಬೇರ್ಪಡಿಸುವುದು ಸುಲಭವಲ್ಲ, ನೆರಳು ಸವರಿದ್ದು ಮೇಲಿನಿಂದ ಕಾಡು ಕಡಿದಂತೆ ಕಂಡರೂ ಕಾಣಬಹುದು. ಎಷ್ಟೋ ಕುಟುಂಬಗಳಲ್ಲಿ ಪಹಣಿ ಇನ್ನೂ ಅಜ್ಜನ ಹೆಸರಿನಲ್ಲೇ ಇದ್ದು, ತೋಟ ಮಾಡುವವನೊಬ್ಬ, ದಾಖಲೆಯಲ್ಲಿರುವವನೊಬ್ಬ.

ಹೀಗಾಗಿ ಎರಡೆಕರೆಯ ತೋಟಕ್ಕೂ ಗಣಕದಲ್ಲಿ ಒಂದು ನಕ್ಷೆ, ಒಂದು ಚರಿತ್ರೆ ಹುಟ್ಟುವುದು ಬಹುಮಟ್ಟಿಗೆ ಖಚಿತ. ಅದನ್ನು ಯಾರು ಸಿದ್ಧಪಡಿಸುತ್ತಾರೆ, ಎಲ್ಲಿ ಇಡುತ್ತಾರೆ ಎಂಬುದರ ಮೇಲೆ ಅದರ ಪ್ರಯೋಜನ ನಿಂತಿದೆ. ರಫ್ತು ಕಂಪನಿಯೊಂದು ತನ್ನ ಖರ್ಚಿನಲ್ಲಿ ನಕ್ಷೆ ಬರೆಸಿ ತನ್ನ ಜಾಲದಲ್ಲೇ ಇಟ್ಟುಕೊಂಡರೆ, ಆ ಬೆಳೆಗಾರ ಯುರೋಪಿಗೆ ಹೋಗುವ ಕಾಫಿಯನ್ನು ಆ ಕಂಪನಿಗಲ್ಲದೆ ಬೇರೆಯವರಿಗೆ ಮಾರಲಾರದೆ ಹೋಗಬಹುದು. ಮಂಡಳಿಯಲ್ಲೋ ಬೆಳೆಗಾರರ ಉತ್ಪಾದಕ ಸಂಘದಲ್ಲೋ ಇದ್ದು, ಬೆಳೆಗಾರನ ಒಪ್ಪಿಗೆಯ ಮೇಲೆ ಯಾವ ಕೊಳ್ಳುಗನಿಗಾದರೂ ತೆರೆದು ತೋರಿಸುವಂತಿದ್ದರೆ ಅದೇ ನಕ್ಷೆ ಅವನ ಕೈಯಲ್ಲಿ ಚೌಕಾಸಿಯ ಬಲವಾಗುತ್ತದೆ. ಉತ್ಪಾದಕ ಸಂಘವೇ ಮುದ್ರೆಯೊತ್ತಿದ ತಕ್ಕಡಿ, ತೇವಾಂಶದ ಮೀಟರು, ಔಟ್‌ಟರ್ನ್ ನೋಡುವ ಸಣ್ಣ ಹಲ್ಲರು ಇವಿಷ್ಟನ್ನು ಇಟ್ಟುಕೊಂಡು, ಅಲ್ಲಿ ಅಳೆದ ಅಂಕಿಯನ್ನು ಬೆಳೆಗಾರನ ಎದುರಿಗೇ ದಾಖಲಿಸಿ, ಆ ದಾಖಲೆಯ ಹ್ಯಾಶನ್ನು ಸರಪಳಿಗೆ ಸೇರಿಸುವ ಏರ್ಪಾಟು ತಾಂತ್ರಿಕವಾಗಿ ಈಗಲೂ ಕಷ್ಟದ್ದಲ್ಲ. ಆ ಯಂತ್ರಗಳಿಗೂ ಅವನ್ನು ನೋಡಿಕೊಳ್ಳುವವನ ಸಂಬಳಕ್ಕೂ ಹಣ ಎಲ್ಲಿಂದ ಬರಬೇಕೆಂಬುದು ಮಾತ್ರ ಇದುವರೆಗಿನ ಯೋಜನೆಗಳಲ್ಲಿ ಇತ್ಯರ್ಥವಾಗಿಲ್ಲ.